ದಾಖಲೆಯಲ್ಲಿ ಸ್ಕಾಟ್ಲೆಂಡ್‌ನ ಮುತ್ತಜ್ಜ, ಡಿಎನ್‌ಎ ವರದಿಯಲ್ಲಿ ಬರೀ ಭಾರತ: ಯಾವುದು ಸುಳ್ಳು?

"ಒಂದು ಹನಿ ಎಂಜಲು ಸಾಕು, ನಿಮ್ಮ ವಂಶದ ಸತ್ಯ ಹೊರಬರುತ್ತದೆ." "ಡಿಎನ್‌ಎ ಎಂದೂ ಸುಳ್ಳು ಹೇಳುವುದಿಲ್ಲ, ಕಾಗದ ಹೇಳಬಹುದು." ಇಂಥ ಸಂದೇಶಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಜೊತೆಗೆ ಒಂದು ಬಣ್ಣಬಣ್ಣದ ನಕ್ಷೆ. ಅದರಲ್ಲಿ ಯಾರೋ ಒಬ್ಬರು ಇಷ್ಟು ಶೇಕಡಾ ಭಾರತೀಯ, ಇಷ್ಟು ಶೇಕಡಾ ಯುರೋಪಿಯನ್ ಎಂಬ ಲೆಕ್ಕ.

ಇದು ತಮಾಷೆಯ ವಿಷಯವೆಂದು ಬಿಟ್ಟುಬಿಡಬಹುದಿತ್ತು. ಆದರೆ ಮನೆಯಲ್ಲಿ ತಲೆತಲಾಂತರದಿಂದ "ನಮ್ಮ ಮೂಲಪುರುಷ ಸ್ಕಾಟ್ಲೆಂಡ್‌ನ ಸಿಪಾಯಿ" ಎಂದು ನಂಬಿಕೊಂಡು ಬಂದಿದ್ದು, ಚರ್ಚಿನ ದೀಕ್ಷಾಸ್ನಾನದ ದಾಖಲೆಯೂ ಇದ್ದು, ಡಿಎನ್‌ಎ ವರದಿಯಲ್ಲಿ ಸ್ಕಾಟ್ಲೆಂಡ್‌ನ ಸುಳಿವೇ ಇಲ್ಲದಿದ್ದರೆ? ಮೊದಲು ಬರುವ ಅನುಮಾನ ಸಾಮಾನ್ಯವಾಗಿ ಮನೆಯ ಒಬ್ಬ ಹೆಂಗಸಿನ ಮೇಲೆ. ಎಂದೋ ತೀರಿಹೋದ ಅಜ್ಜಿಯ ಶೀಲದ ಬಗ್ಗೆ ಮೊಮ್ಮಕ್ಕಳು ಪಿಸುಗುಡಲು ಶುರುಮಾಡುತ್ತಾರೆ. ಹಾಗಾಗಿ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವುದು ಮುಖ್ಯ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಬಹಳಷ್ಟು ಸಲ ಎರಡೂ ಸುಳ್ಳಲ್ಲ. ಕಾಗದ ಒಂದು ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತದೆ, ಡಿಎನ್‌ಎ ಇನ್ನೊಂದು ಪ್ರಶ್ನೆಗೆ. ಹೇಗೆಂದು ನೋಡೋಣ.

ಮೈಸೂರಿಗೂ ಸ್ಕಾಟ್ಲೆಂಡ್‌ಗೂ ಎಲ್ಲಿಯ ನಂಟು?

ನಂಟು ಹಳೆಯದೇ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡ್‌ನವನು. ಅದಕ್ಕೂ ಮೊದಲು, 1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕು 1784ರವರೆಗೆ ಅದೇ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದವನು. 1799ರ ಆ ಸೈನ್ಯದಲ್ಲಿ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು, ಸ್ಕಾಚ್ ಬ್ರಿಗೇಡ್ ಕೂಡ ಇತ್ತು. ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯ ಸರ್ವೇಕ್ಷಣೆ ನಡೆಸಿದ ಕಾಲಿನ್ ಮೆಕೆಂಜಿ, 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕನನ್ ಇಬ್ಬರೂ ಸ್ಕಾಟ್ಲೆಂಡ್‌ನವರೇ.

ಹೀಗೆ ಬಂದ ಸಿಪಾಯಿ, ಗುಮಾಸ್ತ, ಸರ್ವೇಯರ್‌ಗಳಲ್ಲಿ ಎಷ್ಟೋ ಮಂದಿ ಇಲ್ಲಿಯ ಹೆಂಗಸರೊಂದಿಗೆ ಸಂಸಾರ ಹೂಡಿದರು. ಅವರ ಸಂತತಿಯೇ ಆಂಗ್ಲೋ ಇಂಡಿಯನ್ ಸಮುದಾಯದ ಒಂದು ಬೇರು. 1882ರಲ್ಲಿ ಈ ಸಮುದಾಯದ ಊರು ಕಟ್ಟಲು ಡೇವಿಡ್ ವೈಟ್ ಎಂಬವರ ಸಂಘಕ್ಕೆ ಮೈಸೂರಿನ ಮಹಾರಾಜ ಹತ್ತನೇ ಚಾಮರಾಜ ಒಡೆಯರು ಸುಮಾರು 3,900 ಎಕರೆ ಜಮೀನು ಕೊಟ್ಟರು. ಅದೇ ಇಂದಿನ ಐಟಿ ಕಂಪನಿಗಳ ವೈಟ್‌ಫೀಲ್ಡ್. ಆದ್ದರಿಂದ ಮೈಸೂರಿನ ಒಂದು ಮನೆಯಲ್ಲಿ ಸ್ಕಾಟಿಷ್ ಹೆಸರು, ಸ್ಕಾಟಿಷ್ ವಂಶವೃಕ್ಷ ಇದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಡಿಎನ್‌ಎ ಪರೀಕ್ಷೆಯಲ್ಲಿ ಮೂರು ಬಗೆ

ನಾವು "ಡಿಎನ್‌ಎ ಟೆಸ್ಟ್" ಎಂದು ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ಬೇರೆ ಬೇರೆ ಪರೀಕ್ಷೆಗಳಿವೆ.

ಮೊದಲನೆಯದು ವೈ ಕ್ರೋಮೋಸೋಮ್. ಇದು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಅಪ್ಪ, ಅಪ್ಪನ ಅಪ್ಪ, ಅವರ ಅಪ್ಪ, ಹೀಗೆ ಒಂದೇ ಗೆರೆ. ಹೆಣ್ಣುಮಕ್ಕಳಲ್ಲಿ ಇದು ಇರುವುದೇ ಇಲ್ಲ.

ಎರಡನೆಯದು ಮೈಟೊಕಾಂಡ್ರಿಯದ ಡಿಎನ್‌ಎ. ಇದು ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಆದರೆ ಮುಂದಕ್ಕೆ ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ಅಮ್ಮ, ಅಮ್ಮನ ಅಮ್ಮ, ಅವರ ಅಮ್ಮ, ಇದು ಇನ್ನೊಂದು ಗೆರೆ.

ಮೂರನೆಯದು ಉಳಿದ 22 ಜೊತೆ ಕ್ರೋಮೋಸೋಮುಗಳದ್ದು. ಇದು ತಂದೆ ತಾಯಿ ಇಬ್ಬರಿಂದಲೂ ಅರ್ಧರ್ಧ ಬಂದು ಕಲಸಿಕೊಂಡಿರುತ್ತದೆ. ಫಾರ್ವರ್ಡ್‌ಗಳಲ್ಲಿ ಕಾಣುವ ಶೇಕಡಾ ಲೆಕ್ಕದ ನಕ್ಷೆ ಮುಖ್ಯವಾಗಿ ಇದರಿಂದ ಬಂದದ್ದು.

ಈಗ ಯೋಚಿಸಿ. ಸ್ಕಾಟ್ಲೆಂಡ್‌ನ ಮೂಲಪುರುಷ ನಿಮ್ಮ ಅಜ್ಜಿಯ ಅಪ್ಪನ ಕಡೆಯವನಾದರೆ, ನಿಮ್ಮ ವೈ ಕ್ರೋಮೋಸೋಮ್‌ನಲ್ಲಿ ಅವನನ್ನು ಹುಡುಕಿ ಪ್ರಯೋಜನವಿಲ್ಲ. ಮೈಟೊಕಾಂಡ್ರಿಯದಲ್ಲೂ ಇಲ್ಲ. ಅವನು ಇದ್ದ ಗೆರೆಯನ್ನು ಆ ಪರೀಕ್ಷೆಗಳು ಮುಟ್ಟುವುದೇ ಇಲ್ಲ.

ಅರ್ಧದರ್ಧದ ಲೆಕ್ಕ

ಅಜ್ಜನಿಂದ ನಿಮಗೆ ಸರಾಸರಿ ಕಾಲುಭಾಗ ಡಿಎನ್‌ಎ ಬರುತ್ತದೆ. ಮುತ್ತಜ್ಜನಿಂದ ಎಂಟನೇ ಒಂದು ಭಾಗ. ಪ್ರತಿ ತಲೆಮಾರಿಗೂ ಅರ್ಧವಾಗುತ್ತ ಹೋಗುತ್ತದೆ. 1799ರಿಂದ ಈಚೆಗೆ ಎಂಟು ತಲೆಮಾರು ಕಳೆದಿವೆ ಎಂದುಕೊಳ್ಳಿ. ಎಂಟು ತಲೆಮಾರಿನ ಹಿಂದೆ ನಿಮಗೆ 256 ಮಂದಿ ಪೂರ್ವಜರು. ಅವರಲ್ಲಿ ಒಬ್ಬನ ಪಾಲು ಸರಾಸರಿ 0.4 ಶೇಕಡಾ.

"ಸರಾಸರಿ" ಎಂಬ ಮಾತನ್ನು ಗಮನಿಸಿ. ಡಿಎನ್‌ಎ ಪುಡಿಪುಡಿಯಾಗಿ ಹಂಚಿಕೆಯಾಗುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಒಬ್ಬ ಪೂರ್ವಜನ ತುಂಡು ಒಂದು ತಲೆಮಾರಿನಲ್ಲಿ ದಾಟದೆ ಹೋದರೆ, ಆ ಕವಲಿನಲ್ಲಿ ಮುಂದೆ ಅದು ಸಿಗುವುದಿಲ್ಲ. ಎಂಟು ತಲೆಮಾರಿನ ಹಿಂದಿನ ಒಬ್ಬ ನಿರ್ದಿಷ್ಟ ಪೂರ್ವಜನಿಂದ ನಿಮಗೆ ಏನೂ ಬಾರದಿರುವ ಸಾಧ್ಯತೆ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು. ಹತ್ತು ತಲೆಮಾರಿಗೆ ಹೋದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಪೂರ್ವಜರ ಡಿಎನ್‌ಎ ನಮ್ಮಲ್ಲಿ ಇರುವುದೇ ಇಲ್ಲ. ಅವರು ನಮ್ಮ ಪೂರ್ವಜರು ಹೌದು, ಅವರಿಲ್ಲದೆ ನಾವು ಹುಟ್ಟುತ್ತಿರಲಿಲ್ಲ, ಆದರೆ ಅವರ ಗುರುತು ನಮ್ಮ ದೇಹದಲ್ಲಿಲ್ಲ.

ಬಂದಿದ್ದರೂ ಒಂದು ಶೇಕಡಾಕ್ಕಿಂತ ಕಡಿಮೆ ಪಾಲನ್ನು ಪರೀಕ್ಷೆಯ ಗೊಂದಲದಿಂದ ಬೇರ್ಪಡಿಸುವುದು ಕಷ್ಟ. ಹಾಗಾಗಿ ವರದಿಯಲ್ಲಿ ಅದು ಕಾಣದೇ ಹೋಗಬಹುದು. ಅಂದರೆ ಒಬ್ಬನೇ ಸ್ಕಾಟ್ಲೆಂಡ್ ಪೂರ್ವಜ, ಆಮೇಲೆ ಎಲ್ಲ ಮದುವೆಗಳೂ ಭಾರತೀಯರ ನಡುವೆ ಎಂದಾದರೆ, ವರದಿಯಲ್ಲಿ ಸ್ಕಾಟ್ಲೆಂಡ್ ಇಲ್ಲದಿರುವುದೇ ಸಹಜ. ಆಂಗ್ಲೋ ಇಂಡಿಯನ್ ಕುಟುಂಬಗಳು ತಮ್ಮತಮ್ಮಲ್ಲೇ ಮದುವೆಯಾಗುತ್ತ ಬಂದಿದ್ದರೆ ಮಾತು ಬೇರೆ. ಆಗ ಹಲವು ಕಡೆಯಿಂದ ಯುರೋಪಿನ ಪಾಲು ಸೇರಿ ಹೆಚ್ಚಾಗಿ ಕಾಣುತ್ತದೆ.

ಅಣ್ಣನ ವರದಿಯಲ್ಲಿದೆ, ತಂಗಿಯ ವರದಿಯಲ್ಲಿಲ್ಲ. ಏಕೆ?

ಇದು ಅತಿ ಹೆಚ್ಚು ಜಗಳ ತರುವ ಪ್ರಶ್ನೆ. ಒಂದೇ ತಂದೆ ತಾಯಿಯ ಮಕ್ಕಳಿಗೂ ಒಂದೇ ಡಿಎನ್‌ಎ ಬರುವುದಿಲ್ಲ, ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳನ್ನು ಬಿಟ್ಟು. ಒಂದು ಡಬ್ಬಿಯ ಅರ್ಧ ಬೀಜಗಳನ್ನು ಕಣ್ಣುಮುಚ್ಚಿ ತೆಗೆದಂತೆ ಪ್ರತಿ ಮಗುವಿಗೂ ತಂದೆಯ ಅರ್ಧ, ತಾಯಿಯ ಅರ್ಧ. ಆ ಅರ್ಧ ಪ್ರತಿ ಸಲ ಬೇರೆ. ಆದ್ದರಿಂದ ಅಣ್ಣನಿಗೆ 2 ಶೇಕಡಾ ಯುರೋಪ್ ಬಂದು ತಂಗಿಗೆ ಸೊನ್ನೆ ಬಂದರೆ "ಇಬ್ಬರಿಗೂ ತಂದೆ ಬೇರೆ" ಎಂದು ಅರ್ಥವಲ್ಲ. ಈ ಒಂದು ಸಾಲನ್ನು ನೀವು ಧೈರ್ಯವಾಗಿ ಫಾರ್ವರ್ಡ್ ಮಾಡಬಹುದು.

ಶೇಕಡಾ ಲೆಕ್ಕ ಎಲ್ಲಿಂದ ಬರುತ್ತದೆ?

ಡಿಎನ್‌ಎಯ ಮೇಲೆ "ಸ್ಕಾಟ್ಲೆಂಡ್" ಎಂದು ಎಲ್ಲೂ ಬರೆದಿರುವುದಿಲ್ಲ. ಕಂಪನಿಯವರು ಇಂದು ಬೇರೆ ಬೇರೆ ದೇಶಗಳಲ್ಲಿರುವ, ಹಲವು ತಲೆಮಾರಿನಿಂದ ಅಲ್ಲೇ ಇದ್ದೇವೆ ಎನ್ನುವ ಜನರ ಮಾದರಿಗಳನ್ನು ಇಟ್ಟುಕೊಂಡಿರುತ್ತಾರೆ. ನಿಮ್ಮ ಡಿಎನ್‌ಎಯ ಪ್ರತಿ ತುಂಡೂ ಯಾವ ಗುಂಪಿನ ಮಾದರಿಗೆ ಹೆಚ್ಚು ಹೋಲುತ್ತದೆ ಎಂದು ಕಂಪ್ಯೂಟರ್ ಅಂದಾಜು ಮಾಡುತ್ತದೆ. ಅಷ್ಟೇ.

ಇದರಿಂದ ಮೂರು ತೊಡಕುಗಳು. ಒಂದು, ಸ್ಕಾಟ್ಲೆಂಡ್, ಐರ್ಲೆಂಡ್, ಉತ್ತರ ಇಂಗ್ಲೆಂಡ್ ಜನ ಶತಮಾನಗಳಿಂದ ಬೆರೆತವರು. ಸ್ಕಾಟ್ಲೆಂಡ್‌ನ ಪಾಲು "ಐರ್ಲೆಂಡ್" ಎಂದೋ "ವಾಯವ್ಯ ಯುರೋಪ್" ಎಂದೋ ಬರಬಹುದು. ಎರಡು, ಕಂಪನಿಗಳು ಮಾದರಿ ಮತ್ತು ಲೆಕ್ಕದ ವಿಧಾನವನ್ನು ಆಗಾಗ ಬದಲಿಸುತ್ತವೆ. ನೀವು ಮತ್ತೆ ಎಂಜಲು ಕೊಡದಿದ್ದರೂ ನಿಮ್ಮ ಶೇಕಡಾ ಬದಲಾಗುತ್ತದೆ. ನಿಮ್ಮ ಅಜ್ಜ ಬದಲಾಗಿಲ್ಲ, ಅಂದಾಜು ಬದಲಾಗಿದೆ.

ಮೂರನೆಯದು ಭಾರತೀಯರಿಗೆ ಮುಖ್ಯ. ಸಾವಿರಾರು ವರ್ಷಗಳ ಹಿಂದೆ ಯುರೇಷಿಯಾದ ಹುಲ್ಲುಗಾವಲು ಪ್ರದೇಶದಿಂದ ಬಂದ ಜನರ ಅಂಶ ಇಂದಿನ ಬಹುತೇಕ ಭಾರತೀಯರಲ್ಲಿ ಹೆಚ್ಚುಕಡಿಮೆ ಪ್ರಮಾಣದಲ್ಲಿದೆ. ಅದೇ ಮೂಲದ ಅಂಶ ಯುರೋಪಿನವರಲ್ಲೂ ಇದೆ. ಹೀಗಾಗಿ ಯುರೋಪಿನ ಸಂಪರ್ಕವೇ ಇಲ್ಲದ ಮನೆಯವರ ವರದಿಯಲ್ಲೂ ಸ್ವಲ್ಪ "ಯುರೋಪ್" ಇಣುಕಬಹುದು. ವೈ ಕ್ರೋಮೋಸೋಮ್‌ನ ಆರ್1ಎ ಗುಂಪನ್ನೇ ನೋಡಿ. ಅದು ಸ್ಕಾಟ್ಲೆಂಡ್‌ನಲ್ಲೂ ಇದೆ, ಭಾರತದಲ್ಲೂ ಇದೆ. ಆದರೆ ಭಾರತದ್ದು ಬಹುತೇಕ ಝಡ್93 ಎಂಬ ಕವಲು, ಸ್ಕಾಟ್ಲೆಂಡ್‌ನಲ್ಲಿ ಸಿಗುವುದು ಮುಖ್ಯವಾಗಿ ನಾರ್ವೆ ಕಡೆಯಿಂದ ಬಂದ ಝಡ್284 ಎಂಬ ಕವಲು. ಬರೀ "ಆರ್1ಎ" ಎಂದು ಬಂದ ಕೂಡಲೇ ಸ್ಕಾಟ್ಲೆಂಡ್ ಸಿಕ್ಕಿತು ಎನ್ನುವಂತಿಲ್ಲ.

ರಾಜಕುಮಾರ ವಿಲಿಯಂನ ಅಜ್ಜಿ ಅರ್ಮೇನಿಯಾದವಳೋ ಭಾರತದವಳೋ?

ಕಾಗದಕ್ಕೂ ಡಿಎನ್‌ಎಗೂ ಜಟಾಪಟಿಯಾದ ಪ್ರಸಿದ್ಧ ಪ್ರಕರಣ ಬ್ರಿಟನ್ ರಾಜಮನೆತನದ್ದು, ಅದರಲ್ಲೂ ಸ್ಕಾಟ್ಲೆಂಡ್ ಮತ್ತು ಭಾರತ ಎರಡೂ ಇವೆ. ಸ್ಕಾಟ್ಲೆಂಡ್‌ನ ಅಬರ್ಡೀನ್‌ಶೈರ್‌ನ ಥಿಯೊಡೋರ್ ಫೋರ್ಬ್ಸ್ ಎಂಬವನು ಈಸ್ಟ್ ಇಂಡಿಯಾ ಕಂಪನಿಯ ಕೆಲಸದ ಮೇಲೆ ಸೂರತ್‌ನಲ್ಲಿದ್ದ. ಅಲ್ಲಿ ಎಲೈಜಾ ಕೆವಾರ್ಕ್ ಎಂಬವಳೊಂದಿಗೆ ಸಂಸಾರ ಮಾಡಿದ. ಅವರ ಮಗಳು ಕ್ಯಾಥರೀನ್‌ಳನ್ನು ಚಿಕ್ಕವಳಿದ್ದಾಗಲೇ ಸ್ಕಾಟ್ಲೆಂಡ್‌ಗೆ ಕಳಿಸಲಾಯಿತು. ಅವಳ ಮಗಳು, ಮೊಮ್ಮಗಳು ಹೀಗೆ ಹೆಣ್ಣುಗೆರೆಯಲ್ಲೇ ಮುಂದುವರಿದು ಬಂದರೆ ಸಿಗುವವರು ಡಯಾನಾ, ಆಮೇಲೆ ಅವರ ಮಗ ವಿಲಿಯಂ. ಎಲೈಜಾ ಅವರಿಂದ ಏಳು ತಲೆಮಾರು ಹಿಂದಿನವಳು.

ವಂಶಾವಳಿಯಲ್ಲಿ ಎಲೈಜಾ "ಅರ್ಮೇನಿಯಾದವಳು" ಎಂದಿತ್ತು. 2013ರಲ್ಲಿ ಡಯಾನಾ ತಾಯಿಯ ಕಡೆಯ ಸಂಬಂಧಿಕರ ಎಂಜಲಿನ ಪರೀಕ್ಷೆ ನಡೆದಾಗ ಅವರ ಮೈಟೊಕಾಂಡ್ರಿಯದಲ್ಲಿ ಸಿಕ್ಕಿದ್ದು ಆರ್30ಬಿ ಎಂಬ ಅಪರೂಪದ ಬಗೆ. ಅದು ಕಂಡುಬಂದಿರುವುದು ಬಹುತೇಕ ಭಾರತ ಉಪಖಂಡದಲ್ಲಿ. ಪತ್ರಿಕೆಗಳು "ವಿಲಿಯಂ ಭಾರತೀಯ!" ಎಂದು ಬರೆದವು.

ಹಾಗಾದರೆ ದಾಖಲೆ ಸುಳ್ಳೇ? ನಿಧಾನಿಸಿ. ಮೈಟೊಕಾಂಡ್ರಿಯ ಹೇಳುವುದು ಎಲೈಜಾಳ ತಾಯಿಯ, ತಾಯಿಯ ತಾಯಿಯ ಗೆರೆ ಮಾತ್ರ. ಕೆವಾರ್ಕ್ ಎಂಬ ಹೆಸರಿಗೆ ಅರ್ಮೇನಿಯನ್ ಹೋಲಿಕೆಯಿದೆ, ಮತ್ತು ಹೆಸರು ಬರುವುದು ಸಾಮಾನ್ಯವಾಗಿ ತಂದೆಯಿಂದ. ತಂದೆ ಅರ್ಮೇನಿಯಾದವನು, ತಾಯಿಯ ಗೆರೆ ಭಾರತದ್ದು ಎಂದಾದರೆ ಕಾಗದವೂ ಸರಿ, ಡಿಎನ್‌ಎಯೂ ಸರಿ. ಇನ್ನೊಂದು ಮಾತು: ವಿಲಿಯಂ ಗಂಡಸಾದ್ದರಿಂದ ಈ ಮೈಟೊಕಾಂಡ್ರಿಯ ಅವರ ಮಕ್ಕಳಿಗೆ ಹೋಗಿಲ್ಲ. ಆ ಮಕ್ಕಳನ್ನು ಪರೀಕ್ಷಿಸಿದರೆ ಎಲೈಜಾಳ ಈ ಗುರುತು ಸಿಗುವುದಿಲ್ಲ. ಅದರಿಂದ ಅವಳು ಅವರ ಅಜ್ಜಿಯಲ್ಲ ಎಂದಾಗುತ್ತದೆಯೇ?

ಕಾಗದವೂ ತಪ್ಪಬಹುದು

ಹಾಗೆಂದು ದಾಖಲೆಯೇ ವೇದವಾಕ್ಯ ಎಂದೇನಲ್ಲ. ಆ ಕಾಲದ ದಾಖಲೆಗಳಲ್ಲಿ ತಂದೆಯ ಹೆಸರು, ಹುದ್ದೆ, ರೆಜಿಮೆಂಟು ಇರುತ್ತದೆ. ತಾಯಿ ಭಾರತೀಯಳಾಗಿದ್ದರೆ ಅವಳ ಹೆಸರೇ ಇರದಿರುವುದು ಸಾಮಾನ್ಯ. ಮರೆಮಾಚಲು ಕಾರಣವೂ ಇತ್ತು. 1791ರಿಂದ ಈಸ್ಟ್ ಇಂಡಿಯಾ ಕಂಪನಿ ಭಾರತೀಯ ತಾಯಿಯ ಮಕ್ಕಳಿಗೆ ತನ್ನ ಮುಖ್ಯ ಹುದ್ದೆಗಳ ಬಾಗಿಲು ಮುಚ್ಚಿತು. ಮಗನಿಗೆ ಕೆಲಸ ಸಿಗಬೇಕಾದರೆ ತಾಯಿಯನ್ನು ಪೋರ್ಚುಗೀಸಳು, ಅರ್ಮೇನಿಯಾದವಳು ಎಂದು ಹೇಳುವುದು ಲಾಭದ ಮಾತಾಗಿತ್ತು.

ಹೆಸರಿನ ವಿಷಯವೂ ಹಾಗೇ. ಮದರಾಸಿನ ಎಗ್ಮೋರ್‌ನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗೆಂದು ಒಂದು ಆಶ್ರಮವಿತ್ತು. 1789ರಿಂದ ಅದನ್ನು ನಡೆಸಿದ ಆಂಡ್ರ್ಯೂ ಬೆಲ್ ಕೂಡ ಸ್ಕಾಟ್ಲೆಂಡ್‌ನವರೇ. ಇಂಥ ಕಡೆ ಬೆಳೆದ ಮಕ್ಕಳ ಹೆಸರಿನ ಹಿಂದೆ ರಕ್ತಸಂಬಂಧವೇ ಇರಬೇಕೆಂದಿಲ್ಲ. ಸಾಕುತಂದೆಯ ಹೆಸರು, ಮಲತಂದೆಯ ಹೆಸರು, ದೀಕ್ಷಾಸ್ನಾನದಲ್ಲಿ ನಿಂತ ಹಿರಿಯರ ಹೆಸರು ಮಗುವಿಗೆ ಬರಬಹುದಿತ್ತು. ಸ್ಕಾಟ್ಲೆಂಡ್‌ನಲ್ಲೇ ಕುಲದ ಮುಖ್ಯಸ್ಥನ ಹೆಸರನ್ನು ಅವನ ಒಕ್ಕಲು ಜನರೂ ಇಟ್ಟುಕೊಂಡದ್ದುಂಟು.

ಇನ್ನು "ದೊರೆ" ಎಂದವರೆಲ್ಲ ಸ್ಕಾಟ್ಲೆಂಡ್‌ನವರೂ ಅಲ್ಲ, ಇಂಗ್ಲಿಷರೂ ಅಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿ ನೋಡಿ. ಅಲ್ಲಿ ಡಿ ಮ್ಯೂರನ್ ಎಂಬ ಸ್ವಿಸ್ ರೆಜಿಮೆಂಟಿನವರ ಸಮಾಧಿಗಳಿವೆ. ಹೈದರ್, ಟಿಪ್ಪು ಸೈನ್ಯದಲ್ಲಿ ಫ್ರೆಂಚರಿದ್ದರು. ಮನೆಯ ಕಥೆಯಲ್ಲಿ "ಸ್ಕಾಟ್ಲೆಂಡ್" ಎಂದಿದ್ದು ವರದಿಯಲ್ಲಿ "ಫ್ರಾನ್ಸ್, ಜರ್ಮನಿ" ಎಂದು ಬಂದರೆ, ಕಥೆ ಬಾಯಿಂದ ಬಾಯಿಗೆ ಬರುವಾಗ ದೇಶ ಬದಲಾಗಿರಬಹುದು.

"ಹತ್ತರಲ್ಲಿ ಒಂದು ಮಗುವಿನ ತಂದೆ ಬೇರೆ" ಎಂಬುದು ನಿಜವೇ?

ಇಲ್ಲ. ಹತ್ತು ಶೇಕಡಾ, ಮೂವತ್ತು ಶೇಕಡಾ ಎಂದೆಲ್ಲ ಹರಿದಾಡುವ ಅಂಕಿಗಳಿಗೆ ಗಟ್ಟಿ ಆಧಾರವಿಲ್ಲ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಮಾರ್ಟೆನ್ ಲಾರ್ಮುಸೋ ಮತ್ತು ಸಂಗಡಿಗರು ಹಳೆಯ ವಂಶಾವಳಿ ಮತ್ತು ವೈ ಕ್ರೋಮೋಸೋಮ್ ಎರಡನ್ನೂ ಹೋಲಿಸಿ ನೋಡಿದರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಪಶ್ಚಿಮ ಯುರೋಪಿನಲ್ಲಿ ಇಂಥ ಪ್ರಸಂಗ ಒಂದು ತಲೆಮಾರಿಗೆ ಸುಮಾರು ಒಂದು ಶೇಕಡಾ ಮಾತ್ರ. ಅದೂ 19ನೇ ಶತಮಾನದ ನಗರಗಳ ಕಡುಬಡವರಲ್ಲಿ ಹೆಚ್ಚು, ರೈತಾಪಿ ಜನರಲ್ಲಿ ಇನ್ನೂ ಕಡಿಮೆ.

ಒಂದು ಶೇಕಡಾ ಎಂದೇ ಹಿಡಿದರೂ, ಎಂಟು ತಲೆಮಾರಿನಲ್ಲಿ ಎಲ್ಲಾದರೂ ಒಮ್ಮೆ ಗಂಡುಗೆರೆ ತಪ್ಪಿರುವ ಸಾಧ್ಯತೆ ಸುಮಾರು ಎಂಟು ಶೇಕಡಾ. ಉಳಿದ 92 ಶೇಕಡಾ ಸಲ ತಪ್ಪಿರುವುದಿಲ್ಲ. ಆ ಎಂಟರಲ್ಲೂ ಎಲ್ಲವೂ "ಗುಟ್ಟಿನ ಸಂಬಂಧ" ಅಲ್ಲ. ದತ್ತು ಮಗು, ವಿಧವೆಯ ಮೊದಲ ಗಂಡನ ಮಗು, ಬಲಾತ್ಕಾರಕ್ಕೆ ಒಳಗಾದ ಹೆಣ್ಣಿನ ಮಗು, ಹೆಸರು ಬದಲಿಸಿಕೊಂಡ ಮನೆ, ಎಲ್ಲವೂ ಪರೀಕ್ಷೆಯಲ್ಲಿ ಒಂದೇ ಥರ ಕಾಣುತ್ತವೆ. ಡಿಎನ್‌ಎಗೆ ಕಾರಣ ಗೊತ್ತಿರುವುದಿಲ್ಲ.

ಕಥೆ ಮತ್ತು ಡಿಎನ್‌ಎ ಹೊಂದಿಕೊಂಡದ್ದೂ ಇದೆ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನ ತಮ್ಮ ಮೂಲ ಆಫ್ರಿಕಾ ಎನ್ನುತ್ತಾರೆ. ಅವರ ಕೈಯಲ್ಲಿ ವಂಶಾವಳಿಯ ಪತ್ರಗಳಿರಲಿಲ್ಲ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ ಅವರ ಆಫ್ರಿಕಾ ಮೂಲವನ್ನು ಸ್ಪಷ್ಟವಾಗಿ ತೋರಿಸಿತು. ಭಾರತೀಯರೊಂದಿಗಿನ ಬೆರಕೆ ಕಳೆದ ಸುಮಾರು 200 ವರ್ಷಗಳ ಈಚಿನದು ಎಂದೂ ಹೇಳಿತು. ಇಲ್ಲಿ ಡಿಎನ್‌ಎ ಗೆದ್ದದ್ದು ಏಕೆಂದರೆ ಕೇಳಿದ್ದು ಒಂದು ಇಡೀ ಸಮುದಾಯದ ಪ್ರಶ್ನೆ, ಮತ್ತು ಅವರಲ್ಲಿ ಆಫ್ರಿಕಾದ ಪಾಲು ದೊಡ್ಡದು. ಎಂಟು ತಲೆಮಾರು ಹಿಂದಿನ ಒಬ್ಬ ಸಿಪಾಯಿಯನ್ನು ಹುಡುಕುವುದು ಬೇರೆಯೇ ಕೆಲಸ.

ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನದ 366ನೇ ವಿಧಿಯ 2ನೇ ಉಪವಿಧಿ ಆಂಗ್ಲೋ ಇಂಡಿಯನ್ ಯಾರೆಂದು ಹೇಳುತ್ತದೆ: ತಂದೆ ಅಥವಾ ಗಂಡುಗೆರೆಯ ಯಾವುದೇ ಪೂರ್ವಜ ಯುರೋಪ್ ಮೂಲದವನಾಗಿದ್ದು, ಭಾರತದಲ್ಲೇ ನೆಲೆಸಿದ ತಂದೆ ತಾಯಿಗೆ ಇಲ್ಲೇ ಹುಟ್ಟಿ ಇಲ್ಲೇ ನೆಲೆಸಿದವರು. ಇದರಲ್ಲಿ ಶೇಕಡಾ ಲೆಕ್ಕವಿಲ್ಲ, ಡಿಎನ್‌ಎ ಎಂಬ ಮಾತೂ ಇಲ್ಲ. ಕರ್ನಾಟಕ ವಿಧಾನಸಭೆಯ 224 ಚುನಾಯಿತ ಸದಸ್ಯರ ಜೊತೆಗೆ ಈ ಸಮುದಾಯದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ 104ನೇ ತಿದ್ದುಪಡಿಯಿಂದ 2020ರ ಜನವರಿಯಲ್ಲಿ ಕೊನೆಗೊಂಡಿತು. ಆದರೆ ಆ ವ್ಯಾಖ್ಯೆ ಹಾಗೇ ಉಳಿದಿದೆ.

ಮಗುವಿನ ವಿಷಯದಲ್ಲೂ ಕಾನೂನು ಎಚ್ಚರಿಕೆಯಿಂದಿದೆ. ದಾಂಪತ್ಯದ ಅವಧಿಯಲ್ಲಿ ಹುಟ್ಟಿದ ಮಗುವನ್ನು, ಗಂಡ ಹೆಂಡತಿ ಸೇರುವ ಅವಕಾಶವೇ ಇರಲಿಲ್ಲ ಎಂದು ಸಾಬೀತಾಗದ ಹೊರತು, ಆ ದಂಪತಿಯ ಮಗುವೆಂದೇ ಒಪ್ಪಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮಿನಲ್ಲಿದೆ. ದಾಂಪತ್ಯ ಕಲಹದಲ್ಲಿ ಮಕ್ಕಳ ಡಿಎನ್‌ಎ ಪರೀಕ್ಷೆಗೆ ಸುಮ್ಮಸುಮ್ಮನೆ ಆದೇಶಿಸಬಾರದು ಎಂದು ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಹೇಳಿತು.

ವಂಶ ಎಂದರೆ ರಕ್ತ ಮಾತ್ರವಲ್ಲ ಎಂಬುದನ್ನು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ವೈಟ್‌ಫೀಲ್ಡ್‌ಗೆ ಜಮೀನು ಕೊಟ್ಟ ಚಾಮರಾಜ ಒಡೆಯರನ್ನೇ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡದ್ದು. 2015ರಲ್ಲೂ ಅರಮನೆಯ ವಂಶ ದತ್ತಕದಿಂದಲೇ ಮುಂದುವರಿಯಿತು. ದಸರೆಯ ದಿನ ಆ ವಂಶವನ್ನು ಯಾರೂ ಪ್ರಯೋಗಾಲಯದಲ್ಲಿ ಅಳೆಯುವುದಿಲ್ಲ.

ನಿಮ್ಮ ಮನೆಯಲ್ಲೇ ಹೀಗಾದರೆ ಏನು ಮಾಡಬೇಕು?

1. ಶೇಕಡಾ ನಕ್ಷೆಯನ್ನು ಬದಿಗಿಡಿ, ಸಂಬಂಧಿಕರ ಹೋಲಿಕೆ ಪಟ್ಟಿ ನೋಡಿ. ನಕ್ಷೆ ಅಂದಾಜು, ಹತ್ತಿರದ ಸಂಬಂಧದ ಹೋಲಿಕೆ ಅದಕ್ಕಿಂತ ಎಷ್ಟೋ ಗಟ್ಟಿ. ಒಬ್ಬನೇ ಮುತ್ತಜ್ಜನ ಮರಿಮಕ್ಕಳಾದ ಇಬ್ಬರಲ್ಲಿ ಸಾಮಾನ್ಯವಾಗಿ ಹೋಲುವ ತುಂಡುಗಳು ಸಿಕ್ಕೇ ಸಿಗುತ್ತವೆ. ಅದಕ್ಕಿಂತ ಒಂದು ತಲೆಮಾರು ದೂರದವರಲ್ಲಿ ಸುಮಾರು ಹತ್ತರಲ್ಲಿ ಒಂದು ಜೋಡಿಗೆ ಏನೂ ಸಿಗದಿರಬಹುದು.

2. ಮನೆಯ ಹಿರಿಯರ ಮಾದರಿಗೆ ಹೆಚ್ಚು ಬೆಲೆ. ಅವರು ಆ ಪೂರ್ವಜನಿಗೆ ಒಂದೆರಡು ತಲೆಮಾರು ಹತ್ತಿರ. ಆದರೆ ಅವರ ಒಪ್ಪಿಗೆ ಇಲ್ಲದೆ ಪರೀಕ್ಷೆ ಬೇಡ.

3. ಸರಿಯಾದ ಗೆರೆಗೆ ಸರಿಯಾದ ಪರೀಕ್ಷೆ. ಗಂಡುಗೆರೆಯ ಪೂರ್ವಜನಾದರೆ ಅದೇ ಗಂಡುಗೆರೆಯಲ್ಲಿ ಬಂದ ಗಂಡಸರ ವೈ ಪರೀಕ್ಷೆ, ಸಾಧ್ಯವಾದರೆ ಇಬ್ಬರು ದೂರದ ದಾಯಾದಿಗಳದ್ದು.

4. ಸೋದರಮಾವ, ಸೋದರತ್ತೆ ಮಕ್ಕಳ ಮದುವೆಗಳಿರುವ ಮನೆಯಾದರೆ, ಹೊರದೇಶದ ಆ್ಯಪ್‌ಗಳು ಸಂಬಂಧವನ್ನು ಇರುವುದಕ್ಕಿಂತ ಹತ್ತಿರ ತೋರಿಸಬಹುದು. ಅದನ್ನು ಕಂಡು ಗಾಬರಿಯಾಗಬೇಡಿ.

5. ದಾಖಲೆಯನ್ನೂ ಮತ್ತೆ ಓದಿ. ಮೂಲ ದಾಖಲೆಯೋ, ಯಾರೋ ನಕಲು ಮಾಡಿದ ವಂಶವೃಕ್ಷವೋ? ತಾಯಿಯ ಹೆಸರಿದೆಯೇ? ಹುಟ್ಟೂರು ಬರೆದಿದೆಯೇ, ಅಥವಾ ಹೆಸರು ನೋಡಿ "ಸ್ಕಾಟ್ಲೆಂಡ್" ಎಂದು ಊಹಿಸಿದ್ದೇ?

6. ಎಂಜಲು ಕೊಡುವ ಮುನ್ನ ಯೋಚಿಸಿ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಡಿಎನ್‌ಎ ಬದಲಿಸಲಾಗದು. 2023ರಲ್ಲಿ 23ಆ್ಯಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳ್ಳರ ಕೈಸೇರಿತು. 2025ರ ಮಾರ್ಚ್‌ನಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ನೀವು ಕೊಡುವುದು ನಿಮ್ಮೊಬ್ಬರ ಮಾಹಿತಿಯಲ್ಲ, ನಿಮ್ಮ ಅಕ್ಕತಂಗಿಯರ, ಮಕ್ಕಳ ಮಾಹಿತಿಯೂ ಹೌದು.

ಒಟ್ಟಿನಲ್ಲಿ

"ಡಿಎನ್‌ಎ ವರದಿಯಲ್ಲಿ ಇಲ್ಲದ ದೇಶ, ವಂಶದಲ್ಲೂ ಇಲ್ಲ" ಎಂಬ ಮಾತು ತಪ್ಪು. "ದಾಖಲೆಯಲ್ಲಿದ್ದ ಮಾತ್ರಕ್ಕೆ ರಕ್ತಸಂಬಂಧ ಖಚಿತ" ಎಂಬ ಮಾತೂ ತಪ್ಪು. ಹತ್ತಿರದ ಸಂಬಂಧ ಹೇಳುವುದರಲ್ಲಿ ಡಿಎನ್‌ಎ ಗಟ್ಟಿ, ದೂರದ ದೇಶ ಹೇಳುವುದರಲ್ಲಿ ಸಡಿಲ. ಯಾರದ್ದಾದರೂ ವರದಿಯ ಚಿತ್ರ ನಿಮ್ಮ ಗುಂಪಿಗೆ ಬಂದು, ಅದರ ಕೆಳಗೆ ಅವರ ಅಜ್ಜಿಯ ಬಗ್ಗೆ ಒಂದು ನಗುವಿನ ಗುರುತು ಇದ್ದರೆ, ಅದನ್ನು ಮುಂದೆ ಕಳಿಸಬೇಡಿ. ತನ್ನ ಪರವಾಗಿ ಉತ್ತರ ಕೊಡಲು ಆಕೆ ಇಂದು ಇಲ್ಲ, ಮತ್ತು ಆ ನಕ್ಷೆಗೆ ಆಕೆಯ ಬಗ್ಗೆ ಏನೂ ಗೊತ್ತಿಲ್ಲ.